ಸೋಲದೆ ಸೋತ ಜಟ್ಟಿ

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆ ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಇದೆ. ಸೋಲನ್ನು ಮರೆಮಾಚುವ ಜಟ್ಟಿಯ ಜಾಣತನವನ್ನು ಕಂಡು ನಕ್ಕವರು ಕಟ್ಟಿದ ಮಾತು ಅದಿರಬೇಕು. ಆದರೆ ಉತ್ತರ ಅಮೆರಿಕದ ವೃತ್ತಿಕುಸ್ತಿಯಲ್ಲಿ ಈ ಮಾತು ಹಾಸ್ಯವಲ್ಲ, ಅಕ್ಷರಶಃ ಸತ್ಯ. ಅಲ್ಲಿ ಯಾರು ಬೀಳಬೇಕು, ಯಾವಾಗ ಬೀಳಬೇಕು, ಯಾವ ಪಟ್ಟಿಗೆ ಬೀಳಬೇಕು ಎಂಬುದೆಲ್ಲ ಪಂದ್ಯಕ್ಕೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಪ್ರೇಕ್ಷಕರಿಗೂ ಇದು ತಿಳಿಯದ ಸಂಗತಿಯಲ್ಲ. ದುರ್ಯೋಧನನ ತೊಡೆ ನಿಜವಾಗಿ ಮುರಿಯುವುದಿಲ್ಲವೆಂದು ಬಲ್ಲವರೂ ನಾಟಕದ ಗದಾಯುದ್ಧವನ್ನು ಕಣ್ಣರಳಿಸಿ ನೋಡುವಂತೆ, ಅವರೂ ಹಣ ತೆತ್ತು ಬಂದು ನೋಡುತ್ತಾರೆ.

ಇಂತಹ ಕುಸ್ತಿಯಲ್ಲಿ ಒಬ್ಬ ಜಟ್ಟಿಗೆ ಮೋಸವಾಯಿತೆಂದರೆ ಕೇಳಿದವರಿಗೆ ನಗು ಬಂದೀತು. ಕಾಳಗವೇ ನಟನೆಯಾಗಿರುವಲ್ಲಿ ಮೋಸಕ್ಕೆ ಎಡೆಯೆಲ್ಲಿ ಎಂದು ಅವರು ಕೇಳಿಯಾರು. ಆದರೆ 1997ನೆಯ ಇಸವಿ ನವೆಂಬರ್ 9ರ ರಾತ್ರಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದುದನ್ನು ತಿಳಿದವರು ಹಾಗೆ ನಗಲಾರರು. ಅಂದು ಚಾಂಪಿಯನ್ ಪಟ್ಟದಲ್ಲಿದ್ದ ಬ್ರೆಟ್ ಹಾರ್ಟ್ ಎಂಬ ಜಟ್ಟಿ, ಹದಿಮೂರು ವರ್ಷ ಉಂಡ ಮನೆಯನ್ನು ಬಿಟ್ಟು ಪ್ರತಿಸ್ಪರ್ಧಿಯ ಮನೆಗೆ ಹೊರಟು ನಿಂತಿದ್ದನು. ಅವನು ಹೊರಡುವ ಮುನ್ನ ಪಟ್ಟವನ್ನು ಕಿತ್ತುಕೊಳ್ಳಲು ಒಡೆಯನು ಹೂಡಿದ ಉಪಾಯ ಇಂದಿಗೂ ಆ ವೃತ್ತಿಯಲ್ಲಿ ಚರ್ಚೆಯ ವಿಷಯವಾಗಿ ಉಳಿದಿದೆ.

ನೆಲಮಾಳಿಗೆಯ ಗರಡಿ

ಬ್ರೆಟ್ ಹಾರ್ಟ್ ಹುಟ್ಟಿದುದು 1957ರ ಜುಲೈ 2ರಂದು, ಕೆನಡಾದ ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿಯಲ್ಲಿ. ಅವನ ತಂದೆ ಸ್ಟೂ ಹಾರ್ಟ್ ಸ್ವತಃ ಕುಸ್ತಿಪಟು. ಸ್ಟಾಂಪೀಡ್ ರೆಸ್ಲಿಂಗ್ ಎಂಬ ಸಂಸ್ಥೆಯನ್ನು ನಡೆಸುತ್ತ ಪಶ್ಚಿಮ ಕೆನಡಾದ ಊರೂರುಗಳಲ್ಲಿ ಪಂದ್ಯಗಳನ್ನು ಏರ್ಪಡಿಸುತ್ತಿದ್ದನು. ಹನ್ನೆರಡು ಮಕ್ಕಳ ಆ ದೊಡ್ಡ ಸಂಸಾರದಲ್ಲಿ ಬ್ರೆಟ್ ಎಂಟನೆಯವನು. ಮನೆಯ ನೆಲಮಾಳಿಗೆಯೇ ಗರಡಿ. ಕತ್ತಲ ಸೆರೆಮನೆ ಎಂಬರ್ಥದ ಡಂಜನ್ ಎಂಬುದು ಅದಕ್ಕೆ ಬಿದ್ದ ಹೆಸರು. ಕಲಿಯಲು ಬಂದ ಕಟ್ಟುಮಸ್ತಾದ ತರುಣರು ಮುದುಕನ ಹಿಡಿತಕ್ಕೆ ಸಿಕ್ಕಿ ಅರಚುವುದು ಮೇಲಿನ ಕೋಣೆಗಳಿಗೂ ಕೇಳಿಸುತ್ತಿತ್ತು. ಆ ಮನೆಯ ಎಂಟು ಮಂದಿ ಗಂಡುಮಕ್ಕಳೂ ಒಂದಲ್ಲ ಒಂದು ರೀತಿಯಲ್ಲಿ ಕುಸ್ತಿಯ ಕಸುಬಿಗೇ ಇಳಿದರು. ನಾಲ್ವರು ಹೆಣ್ಣುಮಕ್ಕಳೂ ಕುಸ್ತಿಪಟುಗಳನ್ನೇ ವರಿಸಿದರು.

ಆ ಕಾಲದಲ್ಲಿ ಒಬ್ಬೊಬ್ಬ ವ್ಯವಸ್ಥಾಪಕನಿಗೆ ಒಂದೊಂದು ಸೀಮೆ ಎಂಬ ಕಟ್ಟುಪಾಡಿತ್ತು. ಒಬ್ಬನ ಸೀಮೆಯೊಳಗೆ ಇನ್ನೊಬ್ಬನು ಕಾಲಿಡುತ್ತಿರಲಿಲ್ಲ. ಈ ಕಟ್ಟುಪಾಡನ್ನು ಮುರಿದವನು ವಿನ್ಸ್ ಮೆಕ್‌ಮಹಾನ್. 1982ರಲ್ಲಿ ತನ್ನ ತಂದೆಯ ಸಂಸ್ಥೆಯನ್ನು ಕೊಂಡ ಈ ಸಾಹಸಿ, ಅದನ್ನು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ಹೆಸರಿನಲ್ಲಿ ಟೆಲಿವಿಷನ್ನಿನ ಬಲದಿಂದ ದೇಶವ್ಯಾಪಿಯಾಗಿ ಬೆಳೆಸಿದನು. 1984ರಲ್ಲಿ ಸ್ಟೂ ಹಾರ್ಟನ ಸಂಸ್ಥೆಯೂ ಅವನ ವಶಕ್ಕೆ ಬಂದಿತು. ಅದರೊಡನೆ ಮಗ ಬ್ರೆಟ್ ಕೂಡ ಹೊಸ ಒಡೆಯನ ಪಾಳೆಯವನ್ನು ಸೇರಿದನು.

ಮೆಕ್‌ಮಹಾನನಿಗೆ ಪರ್ವತಾಕಾರದ ದೇಹಗಳೆಂದರೆ ಪ್ರೀತಿ. ಬ್ರೆಟ್ ಅಂತಹ ಭೀಮಕಾಯನಲ್ಲ. ಆದರೆ ಪಟ್ಟುಗಳ ಶುದ್ಧಿಯಲ್ಲಿ ಅವನಿಗೆ ಸರಿಸಾಟಿ ವಿರಳ. ಭಾವ ಜಿಮ್ ನೈಡ್‌ಹಾರ್ಟನೊಡನೆ ಜೋಡಿಯಾಗಿ ಹೆಸರು ಪಡೆದು, 1991ರಲ್ಲಿ ಎರಡನೆಯ ದರ್ಜೆಯ ಪಟ್ಟವನ್ನೂ, 1992ರ ಅಕ್ಟೋಬರ್ 12ರಂದು ಕೆನಡಾದ ಸಸ್ಕಟೂನ್ ನಗರದಲ್ಲಿ ರಿಕ್ ಫ್ಲೇರ್ ಎಂಬ ಹಳೆಯ ಹುಲಿಯನ್ನು ಕೆಡವಿ ಸಂಸ್ಥೆಯ ಅತ್ಯುನ್ನತ ಪಟ್ಟವನ್ನೂ ಪಡೆದನು. ನಸುಗೆಂಪು ಮತ್ತು ಕಪ್ಪು ಬಣ್ಣದ ಉಡುಪಿನಲ್ಲಿ ಕಣಕ್ಕೆ ಬಂದು, ತನ್ನ ಕಪ್ಪು ಕನ್ನಡಕವನ್ನು ತೆಗೆದು ಮುಂದಿನ ಸಾಲಿನ ಯಾವುದಾದರೊಂದು ಮಗುವಿಗೆ ತೊಡಿಸುವುದು ಅವನ ವಾಡಿಕೆ. ಒಟ್ಟು ಐದು ಬಾರಿ ಆ ಪಟ್ಟ ಅವನದಾಯಿತು.

ಮಾತಿನ ಮೇಲೆ ನಿಂತ ಕಸುಬು

ಈ ಕಸುಬಿನ ಒಳಗುಟ್ಟನ್ನು ಸ್ವಲ್ಪ ಅರಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಫಲಿತಾಂಶ ಮೊದಲೇ ನಿರ್ಣಯವಾದುದಿರಬಹುದು. ಆದರೆ ಕಣದೊಳಗಿನ ದೇಹಗಳು ನಿಜವಾದುವು. ಒಬ್ಬನನ್ನು ತಲೆಯ ಮೇಲೆತ್ತಿ ಹಾಸಿನ ಮೇಲೆ ಅಪ್ಪಳಿಸುವಾಗ ಎತ್ತಿದವನ ಕೈ ಕೊಂಚ ತಪ್ಪಿದರೂ ಬಿದ್ದವನ ಕತ್ತು ಮುರಿಯಬಹುದು. ಆದುದರಿಂದ ಪ್ರತಿ ರಾತ್ರಿಯೂ ಒಬ್ಬ ಜಟ್ಟಿ ತನ್ನ ಶರೀರವನ್ನು ಮತ್ತೊಬ್ಬನ ಕೈಗೆ ಒಪ್ಪಿಸುತ್ತಾನೆ. ಜನರು ಯಾರನ್ನು ಅವನ ಶತ್ರುವೆಂದು ಕೂಗಾಡುತ್ತಾರೆಯೋ ಅವನೇ ಆ ಹೊತ್ತಿಗೆ ಅವನ ರಕ್ಷಕ. ತನ್ನೊಡನೆ ಸೆಣಸಿದ ಯಾರನ್ನೂ ತಾನು ಗಾಯಗೊಳಿಸಲಿಲ್ಲವೆಂಬುದೇ ಬ್ರೆಟ್ ಹಾರ್ಟನ ದೊಡ್ಡ ಹೆಮ್ಮೆ.

ಗೆಲುವು ಸೋಲುಗಳ ಒಪ್ಪಂದವೂ ಇಂತಹುದೇ. ಅದು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬಾಯಿಮಾತಿನಿಂದ ಆಗುವಂತಹುದು. ಅದಕ್ಕೆ ಸಾಕ್ಷಿಯಿಲ್ಲ, ರುಜುವಿಲ್ಲ. ಮಾತೇ ಆ ಕಸುಬಿನ ಅಡಿಗಲ್ಲು. ಇದರ ಜೊತೆಗೆ ಇನ್ನೊಂದು ಸಂಪ್ರದಾಯವೂ ಉಂಟು. ಸಂಸ್ಥೆಯನ್ನು ಬಿಟ್ಟು ಹೋಗುವವನು ಉಳಿಯುವವನೊಬ್ಬನಿಗೆ ಸೋತು ಹೋಗಬೇಕು. ತಾನು ಗಳಿಸಿದ ಹೆಸರನ್ನು ಆ ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಚಾಂಪಿಯನ್ ಆದವನಿಗಂತೂ ಇದು ತಪ್ಪದು. ಬ್ರೆಟ್ ಹಾರ್ಟನಿಗೂ ಅವನ ಒಡೆಯನಿಗೂ ಬಂದ ವಿರಸದಲ್ಲಿ ಈ ಎರಡು ಧರ್ಮಗಳೇ ಒಂದಕ್ಕೊಂದು ಡಿಕ್ಕಿ ಹೊಡೆದುವು.

ಎರಡು ಮನೆಗಳ ಪೈಪೋಟಿ

1990ರ ದಶಕದ ನಡುವಿನಲ್ಲಿ ಮೆಕ್‌ಮಹಾನನಿಗೆ ಪ್ರಬಲನಾದ ವೈರಿಯೊಬ್ಬನು ಎದ್ದನು. ಅಟ್ಲಾಂಟಾ ನಗರದ ಟೆಲಿವಿಷನ್ ಧನಿಕ ಟೆಡ್ ಟರ್ನರನ ವರ್ಲ್ಡ್ ಚಾಂಪಿಯನ್‌ಷಿಪ್ ರೆಸ್ಲಿಂಗ್ ಎಂಬ ಸಂಸ್ಥೆ, 1995ರ ಸೆಪ್ಟೆಂಬರ್ 4ರಿಂದ ಪ್ರತಿ ಸೋಮವಾರ ರಾತ್ರಿ ಮೆಕ್‌ಮಹಾನನ ಕಾರ್ಯಕ್ರಮಕ್ಕೆ ಎದುರಾಗಿ ತನ್ನದೊಂದು ಕಾರ್ಯಕ್ರಮವನ್ನು ಆರಂಭಿಸಿತು. ಟರ್ನರನ ಬೊಕ್ಕಸಕ್ಕೆ ಬರವಿರಲಿಲ್ಲ. 1994ರಲ್ಲಿಯೇ ಹಲ್ಕ್ ಹೋಗನ್ ಆ ಕಡೆಗೆ ಹೋಗಿದ್ದನು. 1996ರಲ್ಲಿ ಸ್ಕಾಟ್ ಹಾಲ್, ಕೆವಿನ್ ನ್ಯಾಷ್ ಇಬ್ಬರೂ ಹೋದರು. ಅದೇ ವರ್ಷ ಜೂನ್ ತಿಂಗಳಿನಿಂದ ಮೊದಲ್ಗೊಂಡು 80ಕ್ಕೂ ಹೆಚ್ಚು ವಾರಗಳ ಕಾಲ ಒಂದೇ ಸಮನೆ, ನೋಡುಗರ ಸಂಖ್ಯೆಯಲ್ಲಿ ಮೆಕ್‌ಮಹಾನನು ಹಿಂದೆ ಬಿದ್ದನು.

ಇದಕ್ಕೂ ಮಿಗಿಲಾಗಿ ಅವನನ್ನು ಕುಕ್ಕುತ್ತಿದ್ದ ಅವಮಾನ ಮತ್ತೊಂದಿತ್ತು. 1995ರ ಡಿಸೆಂಬರಿನಲ್ಲಿ ಅವನ ಸಂಸ್ಥೆಯ ಮಹಿಳಾ ಚಾಂಪಿಯನ್ ಎದುರು ಪಾಳೆಯಕ್ಕೆ ಸೇರಿ, ತನ್ನೊಡನೆ ಒಯ್ದಿದ್ದ ಪಟ್ಟದ ಬೆಲ್ಟನ್ನು ಟೆಲಿವಿಷನ್ನಿನಲ್ಲಿ ಎಲ್ಲರೂ ನೋಡುತ್ತಿರುವಂತೆಯೇ ಕಸದ ತೊಟ್ಟಿಗೆ ಎಸೆದಿದ್ದಳು. ಮುಂದೆ ಬ್ರೆಟ್ ಹಾರ್ಟನ ವಿಷಯದಲ್ಲಿ ಮೆಕ್‌ಮಹಾನನು ಯೋಚಿಸುವಾಗಲೆಲ್ಲ ಆ ಕಸದ ತೊಟ್ಟಿ ಅವನ ಕಣ್ಣ ಮುಂದೆ ಇದ್ದಿತು.

1996ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಅನಹೈಮ್ ನಗರದಲ್ಲಿ ಪೂರ್ತಿ ಅರವತ್ತು ನಿಮಿಷ ಕಾದಾಡಿ, ಅಲ್ಲಿಯೂ ಇತ್ಯರ್ಥವಾಗದೆ ಹೆಚ್ಚುವರಿ ಅವಧಿಯಲ್ಲಿ ಷಾನ್ ಮೈಕೆಲ್ಸ್ ಎಂಬ ತರುಣನಿಗೆ ಪಟ್ಟವನ್ನು ಬಿಟ್ಟುಕೊಟ್ಟು ಬ್ರೆಟ್ ಕೆಲವು ತಿಂಗಳು ವಿಶ್ರಾಂತಿಗೆ ಸರಿದನು. ಅವನ ಕರಾರಿನ ಅವಧಿ ಮುಗಿಯುತ್ತ ಬಂದಿತ್ತು. ಟರ್ನರನ ಕಡೆಯವರು ಮೂರು ವರ್ಷಕ್ಕೆ 80 ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು ಮುಂದಿಟ್ಟರು. ಮೆಕ್‌ಮಹಾನನಿಗೆ ವರ್ಷವೊಂದಕ್ಕೆ ಅಷ್ಟು ಹಣ ಕೊಡುವ ಶಕ್ತಿಯಿರಲಿಲ್ಲ. ಅದಕ್ಕೆ ಬದಲಾಗಿ ಅವನು ಇಪ್ಪತ್ತು ವರ್ಷಗಳ ಕರಾರನ್ನು ನೀಡಿದನು. ಕಣದಿಂದ ನಿವೃತ್ತನಾದ ಮೇಲೂ ಸಂಸ್ಥೆಯಲ್ಲಿ ಸ್ಥಾನವಿರುವುದೆಂದು ಭರವಸೆ ಕೊಟ್ಟನು. ಬ್ರೆಟ್ ದೊಡ್ಡ ಹಣವನ್ನು ನಿರಾಕರಿಸಿ ಹಳೆಯ ಮನೆಯಲ್ಲಿಯೇ ಉಳಿದನು.

ಒಡೆಯನ ಕೈಚೆಲ್ಲಿಕೆ

ಆ ಕರಾರಿನ ಮಸಿ ಆರಿ ಒಂದು ವರ್ಷ ತುಂಬುವುದರೊಳಗಾಗಿ ಒಡೆಯನ ಮಾತು ಬದಲಾಯಿತು. 1997ರ ಸೆಪ್ಟೆಂಬರಿನಲ್ಲಿ ಅವನು ಬ್ರೆಟ್‌ನನ್ನು ಕರೆದು, ಸಂಸ್ಥೆ ಹಣದ ಮುಗ್ಗಟ್ಟಿನಲ್ಲಿದೆಯೆಂದೂ ಒಪ್ಪಿದ ಸಂಬಳವನ್ನು ಕೊಡುವುದು ಸಾಧ್ಯವಾಗದೆಂದೂ ತಿಳಿಸಿದನು. ಟರ್ನರನ ಕಡೆಯವರೊಡನೆ ಮತ್ತೆ ಮಾತನಾಡಿಕೊಳ್ಳುವಂತೆ ತಾನೇ ಸೂಚಿಸಿದನು. ಹೀಗೆ ಬ್ರೆಟ್ ಮನೆ ಬಿಟ್ಟುದು ತನ್ನ ಹಂಬಲದಿಂದಲ್ಲ. ಯಜಮಾನನೇ ಬಾಗಿಲು ತೋರಿಸಿದುದರಿಂದ. ನವೆಂಬರ್ ಮೊದಲಲ್ಲಿ ಅವನು ಎದುರು ಸಂಸ್ಥೆಯ ಕರಾರಿಗೆ ರುಜು ಹಾಕಿದನು. ಡಿಸೆಂಬರಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಬೇಕು.

ಆದರೆ ಪಟ್ಟ ಇನ್ನೂ ಅವನಲ್ಲಿಯೇ ಇತ್ತು. ಆಗಸ್ಟ್ 3ರಂದು ಅಂಡರ್‌ಟೇಕರ್ ಎಂಬ ಜಟ್ಟಿಯನ್ನು ಸೋಲಿಸಿ ಅವನು ಅದನ್ನು ಐದನೆಯ ಬಾರಿ ಪಡೆದಿದ್ದನು. ನವೆಂಬರ್ 9ರ ಮಾಂಟ್ರಿಯಲ್ ಪಂದ್ಯದಲ್ಲಿ ಅವನ ಎದುರಾಳಿ ಷಾನ್ ಮೈಕೆಲ್ಸ್. ಅಲ್ಲಿ ಮೈಕೆಲ್ಸನಿಗೆ ಸೋಲಬೇಕೆಂದು ಒಡೆಯನು ಹೇಳಿದನು. ಬ್ರೆಟ್ ಒಪ್ಪಲಿಲ್ಲ.

ಅವನ ನಿರಾಕರಣೆಗೆ ಎರಡು ಕಾರಣಗಳಿದ್ದುವು. ಆ ವರ್ಷ ಸಂಸ್ಥೆಯೇ ಅವನಿಗೆ ಕೆನಡಾ ದೇಶಾಭಿಮಾನಿಯ ಪಾತ್ರವನ್ನು ಕೊಟ್ಟಿತ್ತು. ಅಮೆರಿಕದ ಸಭಾಂಗಣಗಳಲ್ಲಿ ಜನ ಅವನನ್ನು ಹೀಯಾಳಿಸುತ್ತಿದ್ದರೆ, ಕೆನಡಾದಲ್ಲಿ ಧ್ವಜಗಳನ್ನು ಬೀಸಿ ಜಯಕಾರ ಮಾಡುತ್ತಿದ್ದರು. ತನ್ನ ದೇಶದ ನೆಲದಲ್ಲಿ, ತನ್ನ ಜನರೆದುರು ಪಟ್ಟ ಕಳೆದುಕೊಂಡರೆ ಅವರ ಮನಸ್ಸನ್ನು ಮುರಿದಂತಾಗುವುದೆಂಬುದು ಒಂದು. ಎರಡನೆಯದು ಮೈಕೆಲ್ಸನ ಮೇಲಿನ ಮುನಿಸು. ಇಬ್ಬರಿಗೂ ಆ ಬೇಸಗೆಯಲ್ಲಿ ಕಣದ ಹೊರಗೇ ಕೈಕೈ ಮಿಲಾಯಿಸಿತ್ತು. ನಿನಗೆ ಸೋಲಲು ನನ್ನ ಅಭ್ಯಂತರವಿಲ್ಲವೆಂದು ತಾನು ಹೇಳಿದಾಗ, ನಿನಗಾಗಿ ನಾನು ಹಾಗೆ ಮಾಡಲಾರೆನೆಂದು ಮೈಕೆಲ್ಸ್ ಉತ್ತರಿಸಿದನೆಂದು ಬ್ರೆಟ್ ಮುಂದೆ ಹೇಳಿಕೊಂಡಿದ್ದಾನೆ. ಬೇರೆ ಊರಿನಲ್ಲಿ, ಬೇರೆ ಯಾರಿಗಾದರೂ ಸೋಲಲು ಅವನು ಸಿದ್ಧನಿದ್ದನು. ಮರುದಿನ ಆಟವಾ ನಗರದಲ್ಲಿ ತಾನೇ ಪಟ್ಟವನ್ನು ಒಪ್ಪಿಸಿ, ಕೈಮುಗಿದು ಹೋಗುವೆನೆಂದೂ ಹೇಳಿದನು. ಕೊನೆಯ ಮೂವತ್ತು ದಿನಗಳಲ್ಲಿ ತನ್ನ ಪಾತ್ರದ ನಡೆಯ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಕರಾರಿನಲ್ಲಿಯೇ ಅವನಿಗೆ ಇತ್ತು.

ಒಡೆಯನ ದೃಷ್ಟಿಯಿಂದ ನೋಡಿದರೆ ಅವನ ಭಯವೂ ಸುಳ್ಳಲ್ಲ. ಚಾಂಪಿಯನ್ ಸೋಲದೆಯೇ ವೈರಿಯ ಮನೆ ಸೇರಿದನೆಂದರೆ, ಉಳಿದ ಪಾಳೆಯದ ಬೆಲೆ ಏನು? ಪಂದ್ಯದ ಮರುದಿನವೇ ಎದುರು ಸಂಸ್ಥೆಯವರು ಬ್ರೆಟ್ ತಮ್ಮವನಾದನೆಂದು ಟೆಲಿವಿಷನ್ನಿನಲ್ಲಿ ಸಾರಿಬಿಟ್ಟರೆ? ನೂರಾರು ಮಂದಿಯ ಅನ್ನ ಆ ಸಂಸ್ಥೆಯಲ್ಲಿತ್ತು. ಸಂಪ್ರದಾಯವೂ ಒಡೆಯನ ಪರವಾಗಿಯೇ ಇತ್ತು. ಬ್ರೆಟ್ ತನ್ನ ಪಾತ್ರವನ್ನೇ ತಾನೆಂದು ನಂಬಿಬಿಟ್ಟನೆಂದು ದೂರುವವರು ಆ ವೃತ್ತಿಯಲ್ಲಿ ಇಂದಿಗೂ ಇದ್ದಾರೆ. ಆ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅಷ್ಟಾದರೂ ಒಡೆಯನಿಗೆ, ಆಗುವುದಿಲ್ಲವೆಂದು ಮುಖಕ್ಕೆ ಹೇಳುವ ದಾರಿ ತೆರೆದೇ ಇತ್ತು. ಅವನು ಆ ದಾರಿಯನ್ನು ಹಿಡಿಯಲಿಲ್ಲ.

ಗಂಟೆ ಬಾರಿಸಿದ ರಾತ್ರಿ

ಪಂದ್ಯದ ದಿನ ಮಧ್ಯಾಹ್ನ ಇಬ್ಬರೂ ಏಕಾಂತದಲ್ಲಿ ಮಾತನಾಡಿದರು. ಕಡೆಗೆ ಎರಡು ಕಡೆಯವರೂ ಒಳನುಗ್ಗಿ ಗೊಂದಲವಾಗಿ ಪಂದ್ಯ ಯಾರ ಗೆಲುವೂ ಇಲ್ಲದೆ ಮುಗಿಯಬೇಕೆಂದು ತೀರ್ಮಾನವಾಯಿತು. ಒಡೆಯನು ಒಪ್ಪಿದನು. ಆ ದಿನಗಳಲ್ಲಿ ಪಾಲ್ ಜೇ ಎಂಬ ನಿರ್ದೇಶಕನು ಬ್ರೆಟ್‌ನ ಬದುಕನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತೆಗೆಯುತ್ತಿದ್ದನು. ಬ್ರೆಟ್‌ನ ಮೈಮೇಲೆ ಧ್ವನಿಗ್ರಾಹಕವಿದ್ದುದರಿಂದ ಆ ಮಾತುಕತೆ ಮುದ್ರಿತವಾಯಿತು. 1998ರಲ್ಲಿ 'ಹಿಟ್‌ಮನ್ ಹಾರ್ಟ್: ರೆಸ್ಲಿಂಗ್ ವಿತ್ ಷ್ಯಾಡೋಸ್' ಎಂಬ ಹೆಸರಿನಲ್ಲಿ ಹೊರಬಂದ ಆ ಚಿತ್ರದಲ್ಲಿ ಒಡೆಯನ ಒಪ್ಪಿಗೆಯ ಮಾತು ಇಂದಿಗೂ ಕೇಳಿಸುತ್ತದೆ. ಸಾಕ್ಷಿಯಿಲ್ಲದ ಒಪ್ಪಂದಗಳ ಆ ಕಸುಬಿನಲ್ಲಿ ಅದೊಂದಕ್ಕೆ ಮಾತ್ರ ಸಾಕ್ಷಿ ಉಳಿಯಿತು.

ಮೋಲ್ಸನ್ ಸೆಂಟರ್ ಸಭಾಂಗಣದಲ್ಲಿ ಇಪ್ಪತ್ತು ಸಾವಿರ ಮಂದಿ ಕಿಕ್ಕಿರಿದಿದ್ದರು. ಪಂದ್ಯ ಕಣದ ಹೊರಗೆಲ್ಲ ಹರಡಿ, ಮತ್ತೆ ಕಣಕ್ಕೆ ಬಂದಿತು. ಎಂದೂ ಇಲ್ಲದಂತೆ ಮೆಕ್‌ಮಹಾನ್ ಕಣದ ಪಕ್ಕದಲ್ಲಿಯೇ ಬಂದು ನಿಂತಿದ್ದನು. ನಡುವೆ ಮೈಕೆಲ್ಸ್, ಬ್ರೆಟ್‌ನದೇ ಹೆಸರಾಂತ ಪಟ್ಟಾದ ಶಾರ್ಪ್‌ಷೂಟರನ್ನು ಅವನ ಮೇಲೆಯೇ ಹಾಕಿದನು. ಎದುರಾಳಿಯ ಕಾಲುಗಳನ್ನು ಹೆಣೆದು, ಅವನನ್ನು ಬೋರಲು ತಿರುಗಿಸಿ, ಬೆನ್ನಿನ ಮೇಲೆ ಭಾರವಾಗಿ ಕೂರುವ ಪಟ್ಟು ಅದು. ಬ್ರೆಟ್ ಅದನ್ನು ಮಗುಚಬೇಕು, ಆಟ ಮುಂದುವರಿಯಬೇಕು ಎಂಬುದು ಅವನು ತಿಳಿದಿದ್ದ ಯೋಜನೆ. ಅವನು ಮಗುಚಲು ಆರಂಭಿಸಿಯೂ ಇದ್ದನು. ಅಷ್ಟರಲ್ಲಿ ರೆಫರಿ ಅರ್ಲ್ ಹೆಬ್ನರ್ ಗಂಟೆಯ ಕಡೆಗೆ ಸನ್ನೆ ಮಾಡಿದನು. ಒಡೆಯನು ಗಂಟೆಯವನನ್ನು ಗದರಿ ಬಾರಿಸೆಂದು ಆಜ್ಞಾಪಿಸಿದನು. ಗಂಟೆ ಬಾರಿಸಿತು. ಬ್ರೆಟ್ ಹಾರ್ಟ್ ಸೋಲೊಪ್ಪಿಕೊಂಡನೆಂದು ಸಾರಲಾಯಿತು. ಅವನು ಸೋಲೊಪ್ಪಿಕೊಂಡಿರಲಿಲ್ಲ.

ರೆಫರಿ ಕಣದಿಂದ ಹಾರಿ, ತನಗಾಗಿ ಕಾದಿದ್ದ ಮೋಟಾರಿನಲ್ಲಿ ಮರೆಯಾದನು. ನಿನಗೆ ಮೋಸ ಮಾಡೆನೆಂದು ಬ್ರೆಟ್‌ಗೆ ಅವನು ಭಾಷೆ ಕೊಟ್ಟಿದ್ದನು. ಮೈಕೆಲ್ಸ್ ಏನೂ ಅರಿಯದವನಂತೆ ಕೋಪವನ್ನು ನಟಿಸುತ್ತ ಪಟ್ಟವನ್ನು ಎತ್ತಿಕೊಂಡು ಹೋದನು. ತನಗೆ ಎಲ್ಲವೂ ಮೊದಲೇ ಗೊತ್ತಿದ್ದಿತೆಂದು ವರ್ಷಗಳ ತರುವಾಯ ಒಪ್ಪಿಕೊಂಡನು. ಬ್ರೆಟ್ ಅರೆಕ್ಷಣ ದಿಗ್ಭ್ರಾಂತನಾಗಿ ನಿಂತು, ಬಗ್ಗಿ ಒಡೆಯನ ಮುಖಕ್ಕೆ ಉಗುಳಿದನು. ಬಳಿಕ ಜನಸ್ತೋಮದ ಕಡೆಗೆ ತಿರುಗಿ, ತಾನು ಹೋಗಲಿರುವ ಸಂಸ್ಥೆಯ ಮೂರು ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆದನು. ಒಳಗೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಡೆಯನು ಎದುರಾದಾಗ ಒಂದೇ ಗುದ್ದಿಗೆ ಅವನನ್ನು ನೆಲಕ್ಕೆ ಕೆಡವಿದನು. ಮೊದಲೇ ನಿರ್ಣಯವಾಗದಿದ್ದ ಹೊಡೆತ ಆ ರಾತ್ರಿ ಅದೊಂದೇ.

ಯಾರು ಗೆದ್ದರು?

ಕೆಲವು ದಿನಗಳ ನಂತರ ಕಣ್ಣ ಕೆಳಗೆ ಕಪ್ಪುಗಟ್ಟಿದ ಮುಖದೊಡನೆ ಒಡೆಯನು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಬ್ರೆಟ್‌ನ ಗತಿಗೆ ಬ್ರೆಟ್‌ನೇ ಕಾರಣನೆಂದು ವಾದಿಸಿದನು. ಜನ ಅವನನ್ನು ಧಿಕ್ಕರಿಸಿದರು. ಆದರೆ ವ್ಯಾಪಾರಿಯ ಬುದ್ಧಿ ವಿಚಿತ್ರವಾದುದು. ಜನರ ಆ ದ್ವೇಷವನ್ನೇ ಅವನು ಬಂಡವಾಳ ಮಾಡಿಕೊಂಡನು. ಕ್ರೂರಿಯಾದ ಧಣಿಯ ವೇಷವನ್ನು ತಾನೇ ಧರಿಸಿ, ಧಣಿಗೆ ಮಣಿಯದ ಆಳಾಗಿ ಸ್ಟೀವ್ ಆಸ್ಟಿನ್ ಎಂಬ ಜಟ್ಟಿಯನ್ನು ಎದುರು ನಿಲ್ಲಿಸಿದನು. 1998ರ ಏಪ್ರಿಲಿನಲ್ಲಿ ನೋಡುಗರ ಸಂಖ್ಯೆಯಲ್ಲಿ ಅವನು ಮತ್ತೆ ಮುಂದಾದನು. 2001ರ ಮಾರ್ಚಿನಲ್ಲಿ ವೈರಿಯ ಸಂಸ್ಥೆಯನ್ನೇ ಅಲ್ಪ ಬೆಲೆಗೆ ಕೊಂಡುಬಿಟ್ಟನು.

ಬ್ರೆಟ್‌ಗೆ ಹೊಸ ಮನೆ ಹಿತವಾಗಲಿಲ್ಲ. ಅಲ್ಲಿ ಹಣವಿತ್ತು, ಅವನಿಗೊಂದು ಒಳ್ಳೆಯ ಕಥೆ ಹೆಣೆಯುವವರಿರಲಿಲ್ಲ. ಇಡೀ ಜಗತ್ತು ಅವನ ಪರ ಕನಿಕರದಿಂದ ನೋಡುತ್ತಿದ್ದ ಹೊತ್ತಿನಲ್ಲಿ, 1997ರ ಡಿಸೆಂಬರಿನ ಅವರ ದೊಡ್ಡ ಪಂದ್ಯಾವಳಿಯಲ್ಲಿ ಅವನಿಗೆ ದೊರೆತುದು ರೆಫರಿಯ ಕೆಲಸ. ಅವನ ತಮ್ಮ ಓವನ್ ಮಾತ್ರ ಹಳೆಯ ಸಂಸ್ಥೆಯಲ್ಲಿಯೇ ಉಳಿದಿದ್ದನು. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ, ಸಭಾಂಗಣದ ಮಾಡಿನಿಂದ ಹಗ್ಗದಲ್ಲಿ ಇಳಿದುಬರುವ ಪ್ರದರ್ಶನದ ವೇಳೆ ಕೊಂಡಿ ಕಳಚಿ ಓವನ್ ಕಣಕ್ಕೆ ಬಿದ್ದು ಮೃತನಾದನು. ಅದೇ ವರ್ಷ ಡಿಸೆಂಬರ್ 19ರಂದು ವಾಷಿಂಗ್ಟನ್ನಿನಲ್ಲಿ ಗೋಲ್ಡ್‌ಬರ್ಗ್ ಎಂಬ ಜಟ್ಟಿಯ ಕಾಲೇಟು ಗುರಿ ತಪ್ಪಿ ಬ್ರೆಟ್‌ನ ತಲೆಗೆ ಬಲವಾಗಿ ತಗುಲಿತು. ಮಿದುಳಿಗೆ ಆದ ಪೆಟ್ಟಿನಿಂದ ಅವನ ವೃತ್ತಿಜೀವನ 2000ದಲ್ಲಿ ಮುಗಿಯಿತು. ಜೀವಮಾನವಿಡೀ ಪರರ ದೇಹವನ್ನು ಜೋಪಾನವಾಗಿ ನೋಡಿಕೊಂಡವನ ದೇಹ ಹೀಗೆ ಒಬ್ಬನ ಅಜಾಗರೂಕತೆಗೆ ಬಲಿಯಾಯಿತು.

2002ರ ಜೂನ್ 24ರಂದು ಸೈಕಲ್ಲಿನಿಂದ ಬಿದ್ದು, ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ಬ್ರೆಟ್‌ಗೆ ಬಂದ ದೂರವಾಣಿ ಕರೆಗಳಲ್ಲಿ ಮೆಕ್‌ಮಹಾನನದೂ ಒಂದು. 2006ರಲ್ಲಿ ಹಳೆಯ ಸಂಸ್ಥೆ ಅವನನ್ನು ತನ್ನ ಕೀರ್ತಿಶಾಲಿಗಳ ಸಾಲಿಗೆ ಸೇರಿಸಿ ಗೌರವಿಸಿತು. 2010ರ ಜನವರಿ 4ರಂದು ಅದೇ ಸಂಸ್ಥೆಯ ಕಣದಲ್ಲಿ ಬ್ರೆಟ್ ಹಾರ್ಟನೂ ಷಾನ್ ಮೈಕೆಲ್ಸನೂ ಎದುರುಬದುರಾಗಿ ನಿಂತರು. ಸಹಸ್ರಾರು ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇಬ್ಬರೂ ಕೈಕುಲುಕಿದರು, ಅಪ್ಪಿಕೊಂಡರು. ಅದು ಪ್ರದರ್ಶನದ ಅಂಗವೂ ಹೌದು, ನಿಜವೂ ಹೌದು ಎಂದು ಇಬ್ಬರೂ ಆಮೇಲೆ ಹೇಳಿದ್ದಾರೆ.

ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಒಡೆಯನು ಗೆದ್ದನೆನ್ನಬೇಕು. ಅಂದು ಪಟ್ಟ ಉಳಿಯಿತು, ಸಂಸ್ಥೆ ಉಳಿಯಿತು, ವೈರಿ ಅಳಿದನು. ಆದರೂ ಆ ರಾತ್ರಿಯ ಮಾತು ಬಂದಾಗಲೆಲ್ಲ ಜನರಿಗೆ ಮೊದಲು ನೆನಪಾಗುವುದು ಪಟ್ಟವನ್ನು ಎತ್ತಿಕೊಂಡು ಹೋದವನಲ್ಲ. ಬರಿಗೈಯಲ್ಲಿ ಕಣದ ನಡುವೆ ನಿಂತಿದ್ದವನು. ಬ್ರೆಟ್ ಹಾರ್ಟ್ ತನ್ನ ವೃತ್ತಿಯಲ್ಲಿ ನೂರಾರು ಸಲ ಬಿದ್ದವನು. ಹೇಳಿದಾಗ ಬಿದ್ದನು, ಹೇಳಿದವನಿಗೆ ಬಿದ್ದನು. ಅದರಿಂದ ಅವನ ಗೌರವಕ್ಕೆ ಎಂದೂ ಕುಂದು ಬರಲಿಲ್ಲ. ಜಟ್ಟಿ ಜಾರಿ ಬಿದ್ದರೆ ಅದೊಂದು ಪಟ್ಟೆನ್ನಬಹುದು. ನಂಬಿಸಿ ಬೀಳಿಸಿದುದಕ್ಕೆ ಮಾತ್ರ ಯಾವ ಗರಡಿಯಲ್ಲಿಯೂ ಪಟ್ಟಿನ ಹೆಸರಿಲ್ಲ.